ಪಂಚಾಕ್ಷರಪ್ಪ ಮೇಷ್ಟ್ರ ಅಣ್ಣತಮ್ಮಿಕೆಯ ಲೆಕ್ಕ

ಪಂಚಾಕ್ಷರಪ್ಪ ಮೇಷ್ಟ್ರು ನಮ್ಮ ಮನೆಗೆ ಮೊದಲ ಸಲ ಬಂದಾಗ ಅಳುತ್ತಿದ್ದವಳು ನಾನೋ ನನ್ನ ಹೆಗಲ ಮೇಲಿದ್ದ ಮಗುವೋ ಎಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಶೈಲಾ ಆಗಿನ್ನೂ ಕೈಗೂಸು. ಬೆಂಗಳೂರಿನಲ್ಲಿ ಓದಿ ಬಸವಾಪಟ್ಟಣಕ್ಕೆ ಸೊಸೆಯಾಗಿ ಬಂದ ನನಗೆ ಎಲ್ಲದಕ್ಕೂ ಭಯ. ಮಗು ಸೀನಿದರೆ ನ್ಯುಮೋನಿಯಾ ಇರಬಹುದು. ಸೀನದಿದ್ದರೆ ಮೂಗು ಕಟ್ಟಿರಬಹುದು. ಕುದಿಸಿದ ನೀರನ್ನೇ ಮತ್ತೆ ಕುದಿಸುತ್ತಿದ್ದೆ. "ಸೌದೆ ಎಲ್ಲಾ ನೀರಿಗೇ ಹಾಕಿಬಿಡವ್ವಾ, ಅಕ್ಕಿ ಹಸೀದೇ ತಿನ್ನಾನ" ಎಂದು ಅತ್ತೆ ಕಲ್ಲಮ್ಮ ಗೊಣಗುತ್ತಿದ್ದರು.

ಮೇಷ್ಟ್ರು ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಕೋಟಿನ ಜೇಬಿನಲ್ಲಿ ಸದಾ ಸೀಮೆಸುಣ್ಣ. ಆ ಜೇಬು ಒಗೆದೊಗೆದು ಸಾಕಾಗಿ ಅವರ ಹೆಂಡತಿ ಶಂಕ್ರಮ್ಮ ಒಂದು ಸಲ ಜೇಬಿಗೇ ಹೊಲಿಗೆ ಹಾಕಿಬಿಟ್ಟಿದ್ದರಂತೆ. ಆವತ್ತು ಮೇಷ್ಟ್ರ ಕೈಯಲ್ಲಿ ಹೊಸ ಪಠ್ಯಪುಸ್ತಕ ಇತ್ತು. ಬಿಸಿ ಪಾತ್ರೆ ಹಿಡಿದವರ ಹಾಗೆ ಹಿಡಿದುಕೊಂಡಿದ್ದರು.

"ತಂಗೀ, ನೀನು ಬಿ.ಎಸ್ಸಿ. ಗಣಿತ ಓದಿದಾಕೆ ಅಂತ ನಿನ್ನ ಯಜಮಾನ ಜಯದೇವಪ್ಪ ಹೇಳಿದ. ಇದೇನ್ ಐತೆ ನೋಡು. ಇಷ್ಟು ವರ್ಷ ತ್ರಿಭುಜ, ವರ್ಗಮೂಲ ಹೇಳಿ ತಲೆ ನೆರೀತು. ಈಗ ಹೊಸ ಗಣಿತ ಅಂತೆ. ಮೊದಲನೇ ಪಾಠದಾಗೆ ಅಂಕೀನೇ ಇಲ್ಲ!"

"ಟ್ರೈನಿಂಗ್ ಕೊಡಲಿಲ್ವಾ ಸರ್?"

"ಕೊಟ್ರು, ಶಿವಮೊಗ್ಗದಾಗೆ. ಹೇಳೋನಿಗೂ ತಿಳೀಲಿಲ್ಲ, ಕೇಳೋರಿಗೂ ತಿಳೀಲಿಲ್ಲ. ಊಟ ಚೆನ್ನಾಗಿತ್ತು."

ನಾನು ನಕ್ಕೆ. ಬಸವಾಪಟ್ಟಣಕ್ಕೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲಿರಬೇಕು. ಹೀಗೆ ನಮ್ಮ ಜಗಲಿಯ ಪಾಠ ಶುರುವಾಯಿತು. ಮಗುವನ್ನು ಹಿಡಿದು ನಾನು ಹೇಳುವುದು ಕಷ್ಟ ಎಂದು ಮೇಷ್ಟ್ರು ತಮ್ಮ ಮಗಳು ನಿರ್ಮಲಳನ್ನೂ ಕರೆತರುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿ. ಯಾರ ಕೈಗೂ ಹೋಗದ ಶೈಲಾ ಅವಳ ಸೊಂಟಕ್ಕೆ ಸುಮ್ಮನೆ ಅಂಟಿಕೊಳ್ಳುತ್ತಿದ್ದಳು. "ಅಕ್ಕಾ, ಇದಕ್ಕೆ ಏನೂ ಆಗಿಲ್ಲ. ನೀವು ಹೆದರ್ತೀರಲ್ಲ, ಅದು ಇದಕ್ಕೆ ಗೊತ್ತಾಗುತ್ತೆ" ಎನ್ನುತ್ತಿದ್ದಳು ನಿರ್ಮಲ.

ನಮ್ಮ ಕಾಲೇಜಿನ ಮೇಡಂ ಒಬ್ಬರು ಹೇಳಿದ್ದನ್ನೇ ನಾನು ಮೇಷ್ಟ್ರಿಗೆ ಹೇಳಿದೆ. ಗಣಿತದಲ್ಲಿ ಹರಿಯುವುದರ ಲೆಕ್ಕ ಒಂದು, ಬಿಡಿಬಿಡಿಯಾಗಿ ನಿಂತಿರುವವುಗಳ ಲೆಕ್ಕ ಇನ್ನೊಂದು. ಸೂಳೆಕೆರೆಯ ನೀರು ಎಷ್ಟು ಏರಿತು, ತೂಬಿನಿಂದ ಎಷ್ಟು ರಭಸದಲ್ಲಿ ಹೋಯಿತು ಎನ್ನುವುದು ಮೊದಲನೆಯದು. ಏರಿಯ ಕಲ್ಲುಗಳು ಎರಡನೆಯದು. ಒಂದು ಕಲ್ಲು, ಆಮೇಲೆ ಎರಡನೇ ಕಲ್ಲು. ನಡುವೆ ಒಂದೂವರೆ ಕಲ್ಲು ಅಂತಿಲ್ಲ.

"ಒಡೆದ್ರೆ?" ಎಂದರು ಮೇಷ್ಟ್ರು.

"ಒಡೆದ್ರೆ ಎರಡು ಕಲ್ಲಾಗುತ್ತೆ ಸರ್."

ಅವರಿಗೆ ಎಷ್ಟು ಖುಷಿಯಾಯಿತೆಂದರೆ ಮಾರನೇ ದಿನ ತರಗತಿಯಲ್ಲಿ ಅದನ್ನೇ ಹೇಳಿದರಂತೆ. ಈ ಬಿಡಿ ಲೆಕ್ಕಕ್ಕೆ ವಿವಿಕ್ತ ಗಣಿತ ಎಂದು ಹೆಸರು. ಗಣ, ತರ್ಕ, ಸಂಬಂಧ, ಎಣಿಕೆ, ಚುಕ್ಕೆ-ಗೆರೆಗಳ ಜಾಲ, ಎಲ್ಲ ಅದರದೇ ಕೊಂಬೆಗಳು. ಅಡಿಕೆ ತೋಟ ಇರುವವರದೊಂದು ಗಣ, ಭತ್ತದ ಗದ್ದೆ ಇರುವವರದು ಇನ್ನೊಂದು, ಎರಡೂ ಇರುವವರು ನಡುವಿನ ಛೇದನದಲ್ಲಿ ಎಂದು ನಾನು ವೃತ್ತ ಬರೆದರೆ ಮೇಷ್ಟ್ರು ವೃತ್ತಗಳ ಹೊರಗೊಂದು ಚುಕ್ಕೆ ಇಟ್ಟು, "ಎರಡೂ ಇಲ್ಲದೋನು ಮೇಷ್ಟ್ರು" ಎಂದರು. ಮೂವರು ಹಿರಿಯರನ್ನು ಪಂಕ್ತಿಯಲ್ಲಿ ಆರು ಥರ ಕೂರಿಸಬಹುದು, ನಾಲ್ವರಾದರೆ ಇಪ್ಪತ್ನಾಲ್ಕು ಥರ ಎಂದಾಗ, "ಅದಕ್ಕೇ ನಮ್ಮ ಮದುವೆಗಳಾಗೆ ಊಟ ತಡ ಆಗೋದು!" ಎಂದರು.

ತರ್ಕ ಅವರಿಗೆ ತುಂಬ ಹಿಡಿಸಿತು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಹಾಗೆಂದು ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕೆಂದೇನಿಲ್ಲ, ನಮ್ಮತ್ತೆ ತೊಳೆದಿರಬಹುದು. "ಬಸವಾಪಟ್ಟಣಕ್ಕೆ ಬರೋ ಬಸ್ಸೆಲ್ಲ ತಡ" ಎಂಬ ಮಾತು ಸುಳ್ಳೆಂದು ತೋರಿಸುವುದಕ್ಕೆ ಹೊತ್ತಿಗೆ ಸರಿಯಾಗಿ ಬಂದ ಒಂದೇ ಒಂದು ಬಸ್ಸು ಸಾಕು. "ಆ ಬಸ್ಸು ತೋರಿಸವ್ವಾ, ಹೂವಿನ ಹಾರ ಹಾಕ್ತೀನಿ" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಆಮೇಲೆ ಸಂಬಂಧಗಳ ಪಾಠ. ಅ ಎಂಬವನಿಗೆ ಬ ಎಂಬವನ ನಂಟಿದ್ದು, ಬ-ಗೆ ಕ-ನ ಅದೇ ನಂಟಿದ್ದರೆ ಅ-ಗೂ ಕ-ಗೂ ಅದು ದಾಟುತ್ತದೆಯೋ? ದಾಟಿದರೆ ಅದಕ್ಕೆ ಸಂಕ್ರಮಣ ಗುಣ ಎನ್ನುತ್ತಾರೆ. ಮೇಷ್ಟ್ರು ತಾವಾಗಿಯೇ ಒಂದು ಉದಾಹರಣೆ ಹುಡುಕಿಕೊಂಡು ಬಂದರು. ನಮ್ಮವರಲ್ಲಿ ಬೆಡಗು ಅಂತಿದೆ, ವಂಶದ ಗುಂಪು. ಒಂದೇ ಬೆಡಗಿನವರು ಎಷ್ಟು ದೂರದವರಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರೊಳಗೆ ಮದುವೆಯಿಲ್ಲ. ಒಬ್ಬನೂ ಎರಡು ಬೆಡಗಿನಲ್ಲಿಲ್ಲ, ಒಬ್ಬನೂ ಎಲ್ಲದರ ಹೊರಗಿಲ್ಲ. ಪುಸ್ತಕದ ಉದಾಹರಣೆಗಿಂತ ಚೆನ್ನಾಗಿದೆ ಸರ್ ಎಂದೆ. ಚೆನ್ನಾಗಿಯೇ ಇತ್ತು. ಶಾಲೆಯ ಮಕ್ಕಳು "ಅ-ಗೆ ಬ ಅಣ್ಣತಮ್ಮ, ಬ-ಗೆ ಕ ಅಣ್ಣತಮ್ಮ, ಅದಕ್ಕೇ ಅ-ಗೆ ಕ ಅಣ್ಣತಮ್ಮ" ಎಂದು ಮಗ್ಗಿಯ ಹಾಗೆ ಕೂಗುತ್ತಾ ಬೀದಿಯಲ್ಲಿ ಹೋಗುತ್ತಿದ್ದರು.

ಊರುಗಳನ್ನು ಚುಕ್ಕೆ ಮಾಡಿ, ಬಸ್ಸಿನ ದಾರಿಗಳನ್ನು ಗೆರೆ ಮಾಡಿ ಜಾಲದ ಪಾಠವನ್ನೂ ಮುಗಿಸಿದೆವು. ಬಸವಾಪಟ್ಟಣದಿಂದ ದಾವಣಗೆರೆಗೆ ನೇರ ಬಸ್ಸಿದೆ. ದಾವಣಗೆರೆಯಿಂದ ಜಗಳೂರಿಗಿದೆ. ಬಸವಾಪಟ್ಟಣದಿಂದ ಜಗಳೂರಿಗೆ ನೇರ ಬಸ್ಸಿಲ್ಲ, ಬದಲಿಸಿ ಹೋಗಬೇಕು. ಮೇಷ್ಟ್ರು ನೌಕರಿಗೆ ಸೇರಿದ್ದೇ ಜಗಳೂರಿನ ಕಡೆ, ಅಲ್ಲಿಂದ ಹೊನ್ನಾಳಿಗೆ ವರ್ಗವಾಗಿ, ಕೊನೆಗೆ ಇಲ್ಲಿಗೆ ಬಂದವರು. "ಈ ಗೆರೆ ಎಲ್ಲಾ ನನ್ನ ಬೆನ್ನಿಗೆ ಗೊತ್ತು" ಎಂದರು.

1976ರ ಬೇಸಿಗೆಯಲ್ಲಿ ನಿರ್ಮಲಳಿಗೆ ಗಂಡು ಗೊತ್ತಾಯಿತು. ನ್ಯಾಮತಿಯ ನಾಗೇಂದ್ರಪ್ಪ, ಸೊಸೈಟಿಯಲ್ಲಿ ಕೆಲಸ. ನೋಡಲು ಬಂದ ದಿನ ಶೈಲಾಳನ್ನು ಎತ್ತಿಕೊಂಡೇ ನಿರ್ಮಲ ಹೊರಗೆ ಬಂದಿದ್ದಳು. "ಕೂಸು ಯಾರದು?" ಎಂದು ಅವನು ಗಾಬರಿಯಾಗಿ ಕೇಳಿದ್ದಕ್ಕೆ "ನಂದಲ್ಲ ಬಿಡ್ರಿ" ಎಂದುಬಿಟ್ಟಳು. ಎಲ್ಲರೂ ನಕ್ಕರು, ಅವನೂ ನಕ್ಕ. ಆ ನಗುವಿನಲ್ಲೇ ಇಬ್ಬರದೂ ಒಪ್ಪಿಗೆಯಾಗಿಹೋಗಿತ್ತು.

ವೀಳ್ಯದ ದಿನ ಮೇಷ್ಟ್ರ ಮನೆ ತುಂಬ ಜನ. ಗಂಡಿನ ತಂದೆ ಬಸವರಾಜಪ್ಪ, ತಾಯಿ ಸುಂಕಲಮ್ಮ, ಎರಡೂ ಕಡೆಯ ಹಿರಿಯರು. ನಾನು ಮಗುವನ್ನು ಎತ್ತಿಕೊಂಡು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಎಲೆ, ಅಡಿಕೆ, ಕಾಯಿ ತಟ್ಟೆಗೆ ಬಂದಾಗ ಮೇಷ್ಟ್ರ ದಾಯಾದಿ ಮೂಕಪ್ಪ ಗಂಟಲು ಸರಿಮಾಡಿಕೊಂಡರು. ಹೆಸರು ಮೂಕಪ್ಪ, ಯಾವ ಕೂಟದಲ್ಲೂ ಸುಮ್ಮನಿದ್ದವರಲ್ಲ.

"ಒಂದ್ ಮಾತು. ನೀವು ಗೋದಿಯವರ ಬೆಡಗು. ನಿಮಗೂ ಮಜ್ಜಿಗೆಯವರಿಗೂ ಅಣ್ಣತಮ್ಮಿಕೆ ಐತಲ್ವೇನ್ರಿ?"

"ಐತೆ" ಎಂದರು ಬಸವರಾಜಪ್ಪ. "ಅಜ್ಜನ ಕಾಲದಿಂದ. ಕೊಟ್ಟು ತರೋದಿಲ್ಲ."

"ಮಜ್ಜಿಗೆಯವರಿಗೂ ನಮ್ಮ ಬಿಲ್ಲಿನವರಿಗೂ ಐತೆ. ಹಂಗಾದ್ರೆ ಹೆಂಗೆ?"

ಬೇರೆ ಬೇರೆ ಬೆಡಗಿನವರಾದರೂ ಕೆಲವು ಎರಡೆರಡು ಬೆಡಗುಗಳ ನಡುವೆ ಹೀಗೊಂದು ಅಣ್ಣತಮ್ಮಿಕೆ ಹಿಂದಿನಿಂದ ನಡೆದುಬಂದಿರುತ್ತದೆ. ಅವರೂ ಪರಸ್ಪರ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಆದರೆ ಗೋದಿಯವರಿಗೂ ಬಿಲ್ಲಿನವರಿಗೂ ಅಂಥದ್ದೇನೂ ಇಲ್ಲ ಎಂದು ಯಾರೋ ಹೇಳಿದರು.

"ಇಲ್ಲ ಅಂತ ನೀನು ಹೇಳ್ತೀಯ. ಮೇಷ್ಟ್ರನ್ನೇ ಕೇಳಾನ. ಮೇಷ್ಟ್ರೇ, ನಿಮ್ಮ ಮಕ್ಳು ಬೀದಿ ತುಂಬ ಒದರ್ತಾವಲ್ಲ, ಅ-ಗೆ ಬ, ಬ-ಗೆ ಕ ಅಂತ. ಅದು ಸರೀನೋ ತಪ್ಪೋ?"

ಮೇಷ್ಟ್ರ ಮುಖ ನೋಡಿದೆ. ಅವರು ಹೊನ್ನಾಳಿಯಲ್ಲಿದ್ದಾಗ ಒಬ್ಬ ಹುಡುಗನ ಸರಿಯಾದ ಲೆಕ್ಕಕ್ಕೆ ತಪ್ಪು ಗುರುತು ಹಾಕಿದ್ದು ನೆನಪಾಗಿ, ಮಳೆಯಲ್ಲೇ ಅವನ ಮನೆಗೆ ಹೋಗಿ ತಿದ್ದಿಬಂದಿದ್ದರಂತೆ. ಸರಿಯಾದ ಉತ್ತರವನ್ನು ತಪ್ಪು ಎನ್ನುವುದಕ್ಕೆ ಅವರ ನಾಲಗೆ ತಿರುಗುವುದಿಲ್ಲ. ಮಗಳ ವೀಳ್ಯದ ತಟ್ಟೆ ಎದುರಿಗಿತ್ತು.

"ಸರಿ" ಎಂದರು. "ಅಣ್ಣತಮ್ಮಿಕೆ ಹಂಗೇ ದಾಟುತ್ತೆ."

"ಮುಗೀತಲ್ಲ" ಎಂದರು ಮೂಕಪ್ಪ.

ತಟ್ಟೆ ಒಳಗೆ ಹೋಯಿತು. ಬಂದವರು ನೀರು ಕುಡಿದು ಎದ್ದರು. ನಿರ್ಮಲ ಬಂದು ನನ್ನ ಕೈಯಿಂದ ಶೈಲಾಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮುಡಿದಿದ್ದ ಹೂವನ್ನು ಶೈಲಾ ಎಳೆದೆಳೆದು ಕಿತ್ತಳು. ಅವಳು ಬಿಡಿಸಿಕೊಳ್ಳಲಿಲ್ಲ.

ನನ್ನ ಮನಸ್ಸಿಗೆ ಏನೋ ಸರಿ ಕಾಣಲಿಲ್ಲ, ಏನೆಂದೂ ತಿಳಿಯಲಿಲ್ಲ. ಬೆಳಿಗ್ಗೆ ಮಗುವಿಗೆ ಅಂಬಲಿ ತಿನ್ನಿಸುತ್ತಿದ್ದಾಗ ದಾವಣಗೆರೆ ಬಸ್ಸಿನ ಹಾರನ್ ಕೇಳಿಸಿತು. ಚಮಚ ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದೆ.

"ಸರ್, ನಂಟು ದಾಟುತ್ತೋ ಇಲ್ವೋ ಅಂತ ಮೊದಲು ಪರೀಕ್ಷೆ ಮಾಡಬೇಕು. ಒಂದೇ ಬೆಡಗಿನೊಳಗೆ ದಾಟುತ್ತೆ, ಸರಿ. ಎರಡು ಬೆಡಗಿನ ನಡುವೆ ದಾಟುತ್ತೆ ಅಂತ ಯಾರು ಹೇಳಿದ್ರು? ನೇರ ಬಸ್ಸು ದಾಟಲ್ವಲ್ಲ ಸರ್. ಇಲ್ಲಿಂದ ದಾವಣಗೆರೆಗಿದೆ, ಅಲ್ಲಿಂದ ಜಗಳೂರಿಗಿದೆ, ಇಲ್ಲಿಂದ ಜಗಳೂರಿಗೆ..."

ಮೇಷ್ಟ್ರು ಎದ್ದು ಕೋಟು ಹಾಕಿಕೊಂಡರು. "ಬಾಯಿಪಾಠ ಮಾಡಿದ ಹುಡುಗನ ಥರ ಉತ್ತರ ಹೇಳಿಬಿಟ್ಟೆ" ಎಂದರು. ಅದೇ ಬಸ್ಸು ಹಿಡಿಯಲು ಹೊರಟೇಬಿಟ್ಟರು. ಜಗಳೂರಿನ ಹತ್ತಿರ ಮಜ್ಜಿಗೆಯವರ ಮೂಲ ಮನೆಗಳಿದ್ದವು, ಪರಿಚಯದವರು.

ಸಂಜೆ ಬಂದು ಹೇಳಿದರು. ಅಲ್ಲಿನ ಹಿರಿಯ ಸಣ್ಣತಿಮ್ಮಪ್ಪನ ಪ್ರಕಾರ, ಯಾವಾಗಲೋ ಸಿಡುಬು ಬಂದ ವರ್ಷ ಮಜ್ಜಿಗೆಯವರ ಒಂದು ಮನೆಯ ಮಕ್ಕಳನ್ನು ಗೋದಿಯವರ ಮನೆಯಲ್ಲಿಟ್ಟು ಸಾಕಿದ್ದರಂತೆ. ಒಂದೇ ಹಾಲು ಕುಡಿದವರೆಂದು ಆ ಎರಡು ಬೆಡಗಿನವರು ಮಾತು ಕೊಟ್ಟುಕೊಂಡದ್ದು. ಬಿಲ್ಲಿನವರ ಜೊತೆಗಿರುವುದು ಬೇರೆಯೇ ಕಥೆ. "ನಾವು ಅವರಿಗೆ ಮಾತು ಕೊಟ್ರೆ ನಿಮಗ್ಯಾಕ್ ಬರುತ್ತಪ್ಪ ಅದು? ನೀನು ಮೇಷ್ಟ್ರಾ?" ಎಂದು ಕೇಳಿದರಂತೆ.

ಆದರೆ ಅಷ್ಟರಲ್ಲಿ ಮೇಷ್ಟ್ರ ಮಾತು ಊರಾಡಿತ್ತು. ಜನ ಜಗಲಿ ಜಗಲಿಯಲ್ಲಿ ಕೂತು ಎಳೆ ಹಿಡಿದು ಎಳೆಯತೊಡಗಿದ್ದರು, ಅವರಿಗೂ ಇವರಿಗೂ, ಇವರಿಗೂ ಇನ್ನೊಬ್ಬರಿಗೂ. ಚನ್ನಗಿರಿಯಲ್ಲಿ ಒಂದು ಮಾತುಕತೆ ನಿಂತೇಹೋಯಿತಂತೆ. ಒಂದು ದಿನ ಅತ್ತೆ ಸೊಪ್ಪು ಸೋಸುತ್ತಾ, "ನಿಮ್ಮ ತವರಿನ ಹಗ್ಗದವರಿಗೆ ಯಾರ ಜೊತೆ ಅಣ್ಣತಮ್ಮಿಕೆ ಐತೆ?" ಎಂದು ಕೇಳಿದರು. ಹಾಲು ಉಕ್ಕಿತೆಂದು ನಾನು ಒಳಗೆ ಓಡಿದೆ. ಉಕ್ಕಿರಲಿಲ್ಲ. ನಮ್ಮ ಹಗ್ಗದವರಿಗೆ ಗಂಟೆಯವರ ಜೊತೆ ಅಣ್ಣತಮ್ಮಿಕೆ ಇದೆ ಎಂದು ಅಪ್ಪ ಹೇಳಿದ್ದು ನೆನಪಿತ್ತು. ಗಂಟೆಯವರಿಗೆ ನನ್ನ ಗಂಡನ ಸಜ್ಜೆಯವರ ಜೊತೆ ಇರುವುದು ಮದುವೆಯಾದ ಹೊಸತರಲ್ಲೇ ಕಿವಿಗೆ ಬಿದ್ದಿತ್ತು. ಮೇಷ್ಟ್ರ ಆ ಮಾತಿನ ಪ್ರಕಾರ ನಾನು ನನ್ನ ಗಂಡನಿಗೆ ತಂಗಿ. ಹಾಗಾದರೆ ಶೈಲಾ?

ಅದು ದಾಟುವ ನಂಟಲ್ಲ ಎಂದು ಮೇಷ್ಟ್ರಿಗೆ ಹೇಳಿದವಳೇ ನಾನು. ಆದರೂ ಮಗು ತೊಟ್ಟಿಲಲ್ಲಿ ಮಗ್ಗುಲಾದಾಗೆಲ್ಲ ಅದರ ಕೈಕಾಲು ಮುಟ್ಟಿ ನೋಡುತ್ತಿದ್ದೆ.

ಮೇಷ್ಟ್ರು ನಮ್ಮ ಜಗಲಿಗೆ ಬಂದು ಸೀಮೆಸುಣ್ಣದಲ್ಲಿ ಬೆಡಗುಗಳನ್ನೆಲ್ಲ ಚುಕ್ಕೆ ಮಾಡಿ ಬರೆದರು. ಅಣ್ಣತಮ್ಮಿಕೆ ಇರುವಲ್ಲೆಲ್ಲ ಗೆರೆ. ಬರೆಯುತ್ತಾ ಹೋದಂತೆ ಚುಕ್ಕೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಒಂದೇ ಜಾಲವಾಯಿತು. ಒಂದೂ ಬಿಡಿಯಾಗಿ ಉಳಿಯಲಿಲ್ಲ.

"ನೋಡು ತಂಗಿ. ದಾಟುತ್ತೆ ಅಂದ್ರೆ ಎಲ್ಲರಿಗೂ ಎಲ್ಲರೂ ಅಣ್ಣತಮ್ಮರೇ. ಮದುವೆ ಆದೋರೆಲ್ಲ ತಪ್ಪು ಮಾಡ್ದೋರೇ. ಹಂಗೆ ಇರಾಕೆ ಸಾಧ್ಯ ಇಲ್ಲ. ಅದಕ್ಕೇ ದಾಟುತ್ತೆ ಅನ್ನೋ ಮಾತೇ ಸುಳ್ಳು. ಇದನ್ನ ಮಠದ ಅಂಗಳದಾಗೆ ಎಲ್ಲರ ಎದುರಿಗೆ ಬರೀತೀನಿ." ಹಗ್ಗದವರ ಚುಕ್ಕೆಯಿಂದ ಸಜ್ಜೆಯವರ ಚುಕ್ಕೆಯವರೆಗೆ ಬೆರಳು ಎಳೆದವರು ನನ್ನ ಮುಖ ನೋಡಿದರು. ಆಮೇಲೆ ಶೈಲಾಳನ್ನು ನೋಡಿದರು. ಹಗ್ಗದವರ ಚುಕ್ಕೆಯನ್ನು ಅಂಗೈಯಿಂದ ಒರೆಸಿ ಹೇಳಿದರು. "ಇದು ಬೇಡ ಬಿಡು. ಉದಾಹರಣೆಗೆ ನನ್ನ ಮನೇದೇ ಸಾಕು."

ಮಠದ ಅಂಗಳದಲ್ಲಿ ಎರಡೂ ಊರಿನವರು ಸೇರಿದರು. ಮೇಷ್ಟ್ರು ಬಗ್ಗಿ ಚುಕ್ಕೆ ಇಡತೊಡಗಿದಾಗ ಜನಕ್ಕೆ ಆಟದಂತೆ ಹುರುಪು ಬಂತು. "ನಮಗೂ ಅವರಿಗೂ ಐತೆ, ಅಲ್ಲೊಂದು ಗೆರೆ ಎಳೀರಿ!" "ನಮ್ಮದು ಬಿಟ್ರಿ ಮೇಷ್ಟ್ರೇ!" ಎಂದು ತಾವೇ ಕೂಗಿ ಕೂಗಿ ಬರೆಸಿದರು. ಬಿಡಿಚುಕ್ಕೆ ಯಾವುದೂ ಉಳಿಯದಾದಾಗ ಮೇಷ್ಟ್ರು ಸೊಂಟ ಹಿಡಿದುಕೊಂಡು ನಿಂತರು.

"ಈಗ ಹೇಳ್ರಿ. ಅವತ್ತು ನಾನು ಹೇಳಿದ ಮಾತಿನಂಗೆ ನಡೆದ್ರೆ ಈ ಅಂಗಳದಾಗೆ ಯಾರ ಮಗಳನ್ನ ಯಾರು ತರಬೌದು?"

ಹಿಂದಿನಿಂದ ಯಾರೋ, "ಹಂಗಾದ್ರೆ ನನ್ನ ಹೆಂಡ್ತೀನ ಇವತ್ತೇ ತವರಿಗೆ ಕಳಿಸ್ಲೇನ್ರಿ? ಬಸ್ಸಿನ ಹೊತ್ತಾಯ್ತು" ಎಂದ. ಅಂಗಳವೇ ನಕ್ಕಿತು.

ಮೂಕಪ್ಪ ನಗಲಿಲ್ಲ. "ಮಗಳ ಮದುವೆ ನಿಂತ ಮೇಲೆ ಲೆಕ್ಕ ತಿರುಗಿಸ್ತೀರಿ. ಚುಕ್ಕೆ ಬರೆದ್ರೆ ಆಯ್ತಾ? ಒಂದ್ ಮನೆ ತೋರ್‍ಸ್ರಿ ನೋಡಾನ, ನಾವು ಕಂಡಂಥ ಮನೆ."

ಮೇಷ್ಟ್ರು ಬಗ್ಗಿ ಬಿಲ್ಲಿನವರ ಚುಕ್ಕೆಯ ಮೇಲೆ ಕೈಯಿಟ್ಟರು. ಅಲ್ಲಿಂದ ಗೆರೆಗೆರೆಯಾಗಿ ಹೆಂಡತಿಯ ತವರಿನ ಬೆಡಗಿನವರೆಗೆ ಸೀಮೆಸುಣ್ಣ ಎಳೆದರು. "ಇದು ನನ್ನ ಮನೆ. ಆ ಮಾತು ನಿಜ ಆದ್ರೆ ಶಂಕ್ರಮ್ಮ ನನಗೆ ತಂಗಿ. ಇಪ್ಪತ್ತು ವರ್ಷದ ಮೇಲಾಯ್ತು ಸಂಸಾರ ಮಾಡಿ. ತಪ್ಪು ಅನ್ನೋರು ಈಗ ಹೇಳ್ರಿ."

ಬಸವರಾಜಪ್ಪ ಎದ್ದು, "ಮಾತು ಸಾಕು. ವೀಳ್ಯ ತರ್‍ರಿ" ಎಂದರು. ಹೆಂಗಸರ ಸಾಲಿನಲ್ಲಿದ್ದ ಶಂಕ್ರಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಮನೆಗೆ ಬಂದ ಮೇಷ್ಟ್ರಿಗೆ, "ಊರ ಎದುರಿಗೆ ನನ್ನನ್ನ ತಂಗಿ ಮಾಡಿದ್ರಲ್ಲ" ಎಂದಷ್ಟೇ ಹೇಳಿದರಂತೆ.

ಮದುವೆಯಾಯಿತು. ನಿರ್ಮಲ ನ್ಯಾಮತಿಗೆ ಹೋದಳು. ಆದರೆ ಶಂಕ್ರಮ್ಮ ನಲ್ಲಿಗೆ ಬಂದರೆ ಹೆಂಗಸರು, "ನಿಮ್ಮಣ್ಣಾರು ಚೆನ್ನಾಗವ್ರಾ?" ಎಂದು ಮುಸಿಮುಸಿ ನಗುತ್ತಿದ್ದರು. ಅವರು ನಲ್ಲಿಗೆ ಬರುವುದನ್ನೇ ಬಿಟ್ಟರು. ಮೇಷ್ಟ್ರೇ ಕೊಡ ಹೊತ್ತರು. ಅವರನ್ನು ಬೀದಿಯಲ್ಲಿ ಕಂಡವರಿಗೂ ಅದೇ ಚೇಷ್ಟೆ.

ಮರುವರ್ಷ ಬಾಣಂತನಕ್ಕೆ ನಿರ್ಮಲ ತವರಿಗೆ ಬಂದಳು. ಹೆಣ್ಣು ಮಗು, ಮೈ ತುಂಬಿಕೊಂಡಿತ್ತು. ಬಲಗಾಲಿನ ಪಾದ ಮಾತ್ರ ಒಳಕ್ಕೆ ತಿರುಗಿಕೊಂಡಿತ್ತು. ಎಳೆಯದಿದ್ದಾಗಲೇ ವಾರವಾರ ಪಟ್ಟಿ ಹಾಕಿ ತಿದ್ದಬಹುದು, ತಡ ಮಾಡಬೇಡಿ, ದಾವಣಗೆರೆಗೆ ಕರೆತನ್ನಿ ಎಂದರು ಡಾಕ್ಟರು. ಊರಿನವರು ಬೇರೆ ಹೇಳಿದರು. ಅಣ್ಣತಮ್ಮಿಕೆ ಮೀರಿದ ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಹಿಂಗೇ ಎಂದರು. ನ್ಯಾಮತಿಯಿಂದ ನಾಗೇಂದ್ರಪ್ಪ ಒಂದು ಸಲ ಬಂದು ಮಗುವಿನ ಕಾಲು ಹಿಡಿದುಕೊಂಡು ಕೂತಿದ್ದು ಹೋದ. ಆಮೇಲೆ ಯಾರೂ ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಕಳೆಯಿತು, ಕರೆದುಕೊಂಡು ಹೋಗುವ ತಿಂಗಳೂ ಕಳೆಯಿತು. ನಿರ್ಮಲ ನಮ್ಮ ಮನೆಗೆ ಬರುವುದನ್ನೂ ಬಿಟ್ಟಳು. ನಾನೇ ಹೋದರೆ ಮಗುವಿನ ಕಾಲಿನ ಮೇಲೆ ಬಟ್ಟೆ ಎಳೆಯುತ್ತಿದ್ದಳು. ನನ್ನೆದುರು ಅವಳು ಹಾಗೆ ಮಾಡುವುದು ನೋಡಲಾಗುತ್ತಿರಲಿಲ್ಲ.

"ನನ್ನ ಲೆಕ್ಕ ತಪ್ಪಾ ತಂಗಿ?" ಎಂದು ಮೇಷ್ಟ್ರು ಒಂದು ದಿನ ಕೇಳಿದರು.

"ಅಂಗಳ ಒದ್ದೆ ಆಗಿದ್ದಕ್ಕೆಲ್ಲ ಮಳೆನೇ ಕಾರಣನಾ ಸರ್? ನೀವೇ ಮಕ್ಕಳಿಗೆ ಹೇಳೋದು."

"ಗೊತ್ತು" ಎಂದರು. "ಗೊತ್ತಿದ್ರೂ, ಆ ಕಾಲು ನೋಡಿದ್ರೆ ಗೊತ್ತಿದ್ದದ್ದು ನಿಲ್ಲಲ್ಲ." ಆ ವರ್ಷ ಸಂಬಂಧಗಳ ಪಾಠವನ್ನು ಅವರು ಮಾಡಲಿಲ್ಲ. ಕೋಟಿನ ಜೇಬಿನಲ್ಲಿ ಸೀಮೆಸುಣ್ಣವೂ ಇರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಸುಂಕಲಮ್ಮ ಮಗನೊಡನೆ ಬಂದರು. ವಿಷಯ ತಿಳಿದು ಅತ್ತೆ ಹೊರಟರು, ನಾನೂ ಶೈಲಾಳ ಕೈ ಹಿಡಿದು ಹಿಂದೆಯೇ ಹೋದೆ. ನಾಗೇಂದ್ರಪ್ಪ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಸುಂಕಲಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು.

"ಕೂಸಿನ ಮೇಲೆ ನನಗೇನು ಸಿಟ್ಟಿಲ್ಲ ಬೀಗ್ರೇ. ಆದ್ರೆ ಮುಂದೆ ಹುಟ್ಟೋವೂ ಹಿಂಗೇ ಆದ್ರೆ? ನೀವೇ ಬರೆದು ತೋರಿಸಿದ್ರಲ್ಲ, ನಿಮ್ಮ ಮನೆಯಾಗೆ ಹಿಂದಿನಿಂದ್ಲೂ ಹಿಂಗೇ ಅಂತ. ನಿಮ್ಮ ಮಗಳಿಗೆ ತಟ್ಟಲಿಲ್ಲ, ಎರಡು ಮದುವೆದೂ ಸೇರಿ ಮೊಮ್ಮಗಳಿಗೆ ತಟ್ಟಿತು. ಇವಳು ಇಲ್ಲೇ ಇರ್‍ಲಿ. ನನ್ನ ಮಗನಿಗೆ ಬೇರೆ ನೋಡ್ತೀವಿ."

ತಮ್ಮ ಮನೆಯನ್ನೇ ಸಾಕ್ಷಿಗೆ ಕೊಟ್ಟಿದ್ದ ಮೇಷ್ಟ್ರ ಹತ್ತಿರ ಕೊಡಲು ಇನ್ನೇನೂ ಉಳಿದಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿರ್ಮಲ ನಿಂತಿದ್ದಳು. ಅವಳನ್ನು ನೋಡಿದ ತಕ್ಷಣ ಶೈಲಾ ನನ್ನ ಕೈ ಬಿಡಿಸಿಕೊಂಡು ಜಗಲಿಯ ಉದ್ದಕ್ಕೂ ಓಡಿ ಅವಳ ಸೊಂಟ ತಬ್ಬಿದಳು.

"ಸರ್, ಸೀಮೆಸುಣ್ಣ ಇದೆಯಾ?" ಎಂದು ಕೇಳಿದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

ಅವರಿಗೆ ಅರ್ಥವಾಯಿತು. "ಬೇಡ ತಂಗಿ" ಎಂದರು.

ಶಂಕ್ರಮ್ಮ ಒಳಗೆ ಹೋಗಿ ಗೂಡಿನಿಂದ ಒಂದು ತುಂಡು ತಂದು ನನ್ನ ಕೈಗಿಟ್ಟರು. ನಾನು ನೆಲದ ಮೇಲೆ ಮೂರು ಚುಕ್ಕೆ ಇಟ್ಟೆ. "ಇದು ನಮ್ಮ ತವರು, ಹಗ್ಗದವರು. ಇದು ನಮ್ಮ ಯಜಮಾನರ ಸಜ್ಜೆಯವರು. ನಡುವೆ ಗಂಟೆಯವರು, ಎರಡು ಕಡೆಗೂ ಅಣ್ಣತಮ್ಮಿಕೆ. ನಿಮ್ಮ ಮಾತಿನ ಪ್ರಕಾರ ನಾನೂ ಅಂಥ ಮದುವೆಯವಳೇ. ಅಂಥ ಮದುವೆಯ ಮಕ್ಕಳೆಲ್ಲ ಹಿಂಗೇ ಅಂತೀರಲ್ಲ ಅಮ್ಮಾ, ಅಲ್ಲಿ ನೋಡಿ ನನ್ನ ಮಗಳು."

ಹೇಳುವಾಗ ಅತ್ತೆಯ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ. ಅವರ ಬಳೆಯ ಸದ್ದು ನಿಂತದ್ದು ಮಾತ್ರ ಗೊತ್ತಾಯಿತು.

ಸುಂಕಲಮ್ಮ ಶೈಲಾಳ ಕಾಲುಗಳನ್ನು ನೋಡಿದರು. ಆಮೇಲೆ ನೆಲ ನೋಡಿದರು. ನಡುವಿನ ಚುಕ್ಕೆಯ ಹತ್ತಿರ ಬೆರಳು ತಂದು, "ಗಂಟೆಯವರು ನಮ್ಮ ತವರು" ಎಂದರು. ಅದು ನನಗೆ ಗೊತ್ತಿರಲಿಲ್ಲ. ಬೆರಳು ಗಂಟೆಯವರಿಂದ ಸಜ್ಜೆಯವರಿಗೆ ಬಂದು ನಿಂತಿತು. "ಇವರಿಂದ ಮುಂದಕ್ಕೆ?"

"ಮಜ್ಜಿಗೆಯವರು" ಎಂದೆ. ಚುಕ್ಕೆಯಿಟ್ಟು ಗೆರೆ ಎಳೆದೆ.

ಮಜ್ಜಿಗೆಯವರಿಂದ ಮುಂದೆ ಎಲ್ಲಿಗೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಗಂಡನ ಬೆಡಗು ಗೋದಿಯವರು, ಅಂದರೆ ಅವರದೂ ಅಂಥದೇ ಮದುವೆ. ಬೆರಳು ಅಲ್ಲೇ ನಿಂತಿತು. ಸುಂಕಲಮ್ಮ ತಲೆಯೆತ್ತಿ ಮಗನನ್ನು ನೋಡಿದರು. ನಾಗೇಂದ್ರಪ್ಪ ಎದ್ದು ನಿಂತಿದ್ದ, ಎರಡೂ ಕಾಲ ಮೇಲೆ, ನೆಟ್ಟಗೆ.

ಸುಂಕಲಮ್ಮ ಮಗುವಿನ ಪಾದದ ಮೇಲಿನ ಬಟ್ಟೆ ಸರಿಸಿ, ಅದನ್ನು ಅಂಗೈಯಲ್ಲಿ ಹಿಡಿದುಕೊಂಡರು.

"ಪಟ್ಟಿ ಹಾಕಾಕೆ ವಾರವಾರ ದಾವಣಗೆರೆಗೆ ಹೋಗ್ಬೇಕಂತಲ್ಲ" ಎಂದರು. "ನ್ಯಾಮತಿಯಿಂದ ನೇರ ಬಸ್ಸಿಲ್ಲ. ಹೊನ್ನಾಳಿಯಾಗೆ ಇಳಿದು ಹತ್ತಬೇಕು. ಎಳೆ ಕೂಸು, ಧೂಳು."

"ನಾನು ಕರ್ಕೊಂಡು ಹೋಗ್ತೀನಿ ಬಿಡವ್ವ" ಎಂದ ನಾಗೇಂದ್ರಪ್ಪ.

ಮಾರನೇ ದಿನ ಅವರನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆವು. ಕುದಿಸಿ ಆರಿಸಿದ ನೀರಿನ ಬಾಟಲಿ ಕೊಟ್ಟು, ಹೊನ್ನಾಳಿಯಲ್ಲಿ ಏನೂ ತಿನ್ನಬೇಡ, ಮಗುವಿನ ಕಿವಿ ಮುಚ್ಚು, ಕಿಟಕಿ ಪಕ್ಕ ಕೂರಬೇಡ ಎಂದು ನಿರ್ಮಲಳಿಗೆ ಹೇಳಿದ್ದನ್ನೇ ಹೇಳಿದೆ. "ಅಕ್ಕಾ, ಸಾಕು" ಎಂದಳು. ಹೇಳಿದವಳೇ ಅತ್ತಳು. ಮೇಷ್ಟ್ರು ಬಸ್ಸಿನ ಕಿಟಕಿಯೊಳಗೆ ಕೈ ಚಾಚಿ ಮೊಮ್ಮಗಳ ಪಾದ ಮುಟ್ಟಿದರು. ಬೆರಳ ತುದಿ ಸೀಮೆಸುಣ್ಣದಿಂದ ಬಿಳಿಯಾಗಿತ್ತು.

ಪಾದ ಪೂರ್ತಿ ನೆಟ್ಟಗಾಗುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ. ಮೇಷ್ಟ್ರು ಪಾಠಕ್ಕೆ ಮರಳಿದ್ದಾರೆ. ಅಣ್ಣತಮ್ಮಿಕೆಯ ಬದಲು ನೇರ ಬಸ್ಸಿನ ಉದಾಹರಣೆ ಕೊಡುತ್ತಾರಂತೆ. ಶಂಕ್ರಮ್ಮ ಇನ್ನೂ ನಲ್ಲಿಗೆ ಬರುವುದಿಲ್ಲ.

ನಮ್ಮತ್ತೆ ಆವತ್ತಿನ ಚುಕ್ಕೆಗಳ ವಿಷಯ ನನ್ನ ಹತ್ತಿರ ಇವತ್ತಿಗೂ ಎತ್ತಿಲ್ಲ, ಜಯದೇವಪ್ಪನವರ ಹತ್ತಿರ ಎತ್ತಿದ್ದಾರೋ ಕೇಳಲು ನನಗೆ ಧೈರ್ಯವಿಲ್ಲ. ನನಗೀಗ ಎರಡನೆಯ ಬಸಿರು, ಆರು ತಿಂಗಳು. ಶೈಲಾ ಓಡುವಾಗ ಎಡವಿ ಬಿದ್ದರೆ ಅತ್ತೆ ಮೊದಲು ನೋಡುವುದು ಅವಳ ಪಾದವನ್ನು. ಅವರು ನೋಡುವುದನ್ನು ನಾನು ನೋಡುತ್ತೇನೆ. ಆಮೇಲೆ ನಾನೂ ಪಾದವನ್ನೇ ನೋಡುತ್ತೇನೆ.